ಹೃದಯಗುಹೆಯ ಬೆಳಕನ್ನರಸಿದ ಗುರುದೇವ ರಾನಡೆ

ಶಾಸ್ತ್ರಗಳನ್ನು ಓದಿದವರು ಅನೇಕರು. ಶಾಸ್ತ್ರವು ಬೋಧಿಸುವ ವಸ್ತುವನ್ನು ತಮ್ಮೊಳಗೇ ಅರಸಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು ಗುರುದೇವ ರಾಮಚಂದ್ರ ದತ್ತಾತ್ರೇಯ ರಾನಡೆಯವರು.

ಅವರು ೧೮೮೬ರ ಜುಲೈ ೩ರಂದು ಜಮಖಂಡಿಯಲ್ಲಿ ಜನಿಸಿದರು. ೧೯೦೧ರಲ್ಲಿ, ಇನ್ನೂ ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ, ಇಂಚಗೇರಿ ಸಂಪ್ರದಾಯದ ಉಮದಿಯ ಶ್ರೀ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ವ್ಯಾಸಂಗ. ಬುದ್ಧಿ ಅಸಾಧಾರಣವಾಗಿತ್ತು, ಆದರೆ ತಾರುಣ್ಯದಲ್ಲಿಯೇ ತೀವ್ರ ಅನಾರೋಗ್ಯವು ದೇಹವನ್ನು ಜರ್ಜರಿತಗೊಳಿಸಿತು. ವಿದ್ಯೆಯು ನೀಡಲಾರದ ಆಸರೆಯನ್ನು ಆಗ ಅವರು ನಾಮಸ್ಮರಣೆಯಲ್ಲಿ ಕಂಡರು. ೧೯೧೪ರಲ್ಲಿ ಎಂ.ಎ. ಪದವಿ ದೊರೆಯಿತು, ಅದೇ ವರ್ಷ ಗುರುಗಳು ದೇಹವಿಟ್ಟರು. ಗುರುವಿನ ಅನಂತರವೂ ಸಾಧನೆ ಮಾತ್ರ ನಿಲ್ಲಲಿಲ್ಲ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ೧೯೨೬ರಲ್ಲಿ ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತ ಇಂಗ್ಲಿಷ್ ಮಹಾಗ್ರಂಥವನ್ನು ಪ್ರಕಟಿಸಿದರು. ಉಪನಿಷತ್ತುಗಳು ಕೇವಲ ವಾದದ ಗ್ರಂಥಗಳಲ್ಲ, ಋಷಿಗಳ ಅನುಭವದ ದಾಖಲೆಗಳು ಎಂಬುದು ಅವರ ದೃಷ್ಟಿ. ಯೋಗಾಭ್ಯಾಸದಲ್ಲಿ ಮಂಜು, ಹೊಗೆ, ಮಿಂಚುಹುಳು, ಮಿಂಚು, ಚಂದ್ರ ಮೊದಲಾದ ರೂಪಗಳು ಮುಂಚಿತವಾಗಿ ತೋರುವುದೆಂದು ಶ್ವೇತಾಶ್ವತರವು ಹೇಳುತ್ತದೆ. ಕಿವಿಗಳನ್ನು ಮುಚ್ಚಿದಾಗ ಒಳಗೆ ಕೇಳಿಬರುವ ನಾದವನ್ನು ಬೃಹದಾರಣ್ಯಕವು ವರ್ಣಿಸುತ್ತದೆ. ಹೃದಯಕಮಲದೊಳಗಿನ ಕಿರಿದಾದ ಆಕಾಶದಲ್ಲಿ ಇಡೀ ವಿಶ್ವವೇ ಅಡಗಿದೆ ಎನ್ನುತ್ತದೆ ಛಾಂದೋಗ್ಯ. ಇಂಥ ಮಾತುಗಳನ್ನು ಕವಿಕಲ್ಪನೆಯೆಂದು ದಾಟಿಹೋಗದೆ, ಸಾಧಕನ ಹಾದಿಯ ಗುರುತುಗಳೆಂದು ರಾನಡೆಯವರು ಓದಿದರು. ಹಾಗೆಂದು ಕಂಡದ್ದೆಲ್ಲವೂ ಸಾಕ್ಷಾತ್ಕಾರವೆಂದು ಅವರು ಒಪ್ಪಲಿಲ್ಲ. ನಿಜವಾದ ಅನುಭಾವವು ಬುದ್ಧಿಯನ್ನು ಮಂಕಾಗಿಸದೆ ಹರಿತಗೊಳಿಸಬೇಕು, ನಡತೆಯನ್ನು ಶುದ್ಧಗೊಳಿಸಬೇಕು ಎಂಬುದು ಅವರ ಒರೆಗಲ್ಲಾಗಿತ್ತು.

೧೯೨೭ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ಕರೆ ಬಂದಿತು. ಸುಮಾರು ಎರಡು ದಶಕಗಳ ಕಾಲ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಯ ಹೊಣೆಯನ್ನೂ ಹೊತ್ತು, ೧೯೪೬ರಲ್ಲಿ ನಿವೃತ್ತರಾದರು. ದೂರದ ಗಂಗಾತೀರದಲ್ಲಿದ್ದರೂ ಅವರ ಮನಸ್ಸು ವಿಜಯಪುರ ಜಿಲ್ಲೆಯ ನಿಂಬಾಳದ ಆಶ್ರಮದಲ್ಲಿತ್ತು. ಮಹಾರಾಷ್ಟ್ರದ ಸಂತರನ್ನೂ ಹಿಂದಿಯ ಸಂತರನ್ನೂ ಕುರಿತು ಬರೆದ ಆ ಲೇಖನಿಯು ಕನ್ನಡದ ಶರಣರು ಹಾಗೂ ಹರಿದಾಸರ ದೇವಮಾರ್ಗವನ್ನೂ ವಿವೇಚಿಸಿತು; ಆ ಗ್ರಂಥವು ಅವರ ನಿಧನಾನಂತರ, ೧೯೬೦ರಲ್ಲಿ ಬೆಳಕು ಕಂಡಿತು. ಭಾಷೆ ಬೇರೆಯಾದರೂ ಸಂತರು ಕಂಡ ದೈವ ಒಂದೇ ಎಂಬುದನ್ನು ಅವರ ಜೀವಮಾನದ ಬರಹವೆಲ್ಲ ಸಾರುತ್ತದೆ.

೧೯೫೭ರ ಜೂನ್ ೬ರಂದು ನಿಂಬಾಳದಲ್ಲಿಯೇ ಅವರು ಇಹಲೋಕವನ್ನು ತ್ಯಜಿಸಿದರು.

ಹೊಟ್ಟೆಪಾಡಿಗಾಗಿ ಊರು ತೊರೆದು ಮಹಾನಗರದ ಗದ್ದಲದಲ್ಲಿ ನೆಲೆಸಿದ ನಮಗೆ ನಿಂಬಾಳವು ದೂರ, ಕಾಶಿಯು ಇನ್ನೂ ದೂರ. ಆದರೆ ಹೃದಯಗುಹೆ ದೂರವಿಲ್ಲ. ಮನೆಮನೆಗಳಲ್ಲಿ ದೀಪಗಳು ಬೆಳಗುವ ಈ ನವರಾತ್ರಿಯಲ್ಲಿ ದಿನಕ್ಕೊಂದು ಗಳಿಗೆ ಕಣ್ಣುಮುಚ್ಚಿ ನಾಮಸ್ಮರಣೆಯಲ್ಲಿ ಕುಳಿತರೆ, ಅದೇ ಆ ಮಹಾತ್ಮರಿಗೆ ನಾವು ಸಲ್ಲಿಸುವ ನಿಜವಾದ ಗುರುಕಾಣಿಕೆ.