ಲಾರಿಯ ಹಿಂದೆ ಓಡಿದ ಪೀನಾ

ಇಟಲಿಯ ನಟಿ ಅನ್ನಾ ಮಾನ್ಯಾನಿಯನ್ನು ನಾನು ಮೊದಲು ಕಂಡದ್ದು ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ. ಚಿತ್ರ, ರೊಬೆರ್ತೊ ರೊಸೆಲ್ಲಿನಿಯ 1945ರ ‘ರೋಮ್, ಓಪನ್ ಸಿಟಿ’. ಮದುವೆಯ ದಿನವೇ ಭಾವೀ ಪತಿಯನ್ನು ಜರ್ಮನ್ ಸೈನಿಕರು ಹಿಡಿದೊಯ್ಯುತ್ತಾರೆ. ಅವನ ಹೆಸರು ಕೂಗುತ್ತ ಪೀನಾ ಲಾರಿಯ ಹಿಂದೆ ಓಡುತ್ತಾಳೆ. ಗುಂಡೇಟು ತಗುಲಿ ನಡುಬೀದಿಯಲ್ಲಿ ಬೀಳುತ್ತಾಳೆ. ಕಥೆ ಇನ್ನೂ ಬಹಳಷ್ಟು ಉಳಿದಿರುವಾಗಲೇ ಆಕೆ ಇಲ್ಲ! 1944ರಲ್ಲಿ ರೋಮ್‌ನಲ್ಲಿ ಬಂಧಿತ ಗಂಡನನ್ನು ಕಾಣಹೋಗಿ ಗುಂಡಿಗೆ ಬಲಿಯಾದ ಗರ್ಭಿಣಿ ತೆರೇಸಾ ಗುಲ್ಲಾಚೆಯ ಸಾವೇ ಈ ದೃಶ್ಯಕ್ಕೆ ಪ್ರೇರಣೆ.

1908ರಲ್ಲಿ ಹುಟ್ಟಿದ ಅನ್ನಾಳನ್ನು ಬೆಳೆಸಿದವಳು ತಾಯಿಯ ತಾಯಿ. ನಾಟಕಶಾಲೆಯಲ್ಲಿ ಕಲಿತರೂ ಹೊಟ್ಟೆಪಾಡಿಗೆ ರಾತ್ರಿ ಕ್ಲಬ್ಬುಗಳಲ್ಲಿ ಹಾಡಿದಳು. ಹಾಸ್ಯನಟ ತೊತೊ ಜೊತೆ ರಂಗದ ಮೇಲೆ ನಗಿಸಿದಳು. 1942ರಲ್ಲಿ ಹುಟ್ಟಿದ ಒಬ್ಬನೇ ಮಗ ಪೋಲಿಯೊಗೆ ತುತ್ತಾದ. ಕೆದರಿದ ಕೂದಲು, ಕಣ್ಣಿನ ಕೆಳಗೆ ಕಪ್ಪು: ಸ್ಟುಡಿಯೊಗಳು ಬಯಸುತ್ತಿದ್ದ ಚೆಲುವು ಅದಲ್ಲ.

ರೊಸೆಲ್ಲಿನಿ 1949ರಲ್ಲಿ ಆಕೆಯನ್ನು ತೊರೆದು ಇಂಗ್ರಿಡ್ ಬರ್ಗ್‌ಮನ್ ಜೊತೆ ‘ಸ್ತ್ರೊಂಬೊಲಿ’ ದ್ವೀಪಕ್ಕೆ ಚಿತ್ರೀಕರಣಕ್ಕೆ ಹೋದುದು, ನೆರೆಯ ದ್ವೀಪದಲ್ಲಿ ಅನ್ನಾ ‘ವುಲ್ಕಾನೊ’ ಚಿತ್ರದಲ್ಲಿ ನಟಿಸಿದುದು ಪತ್ರಿಕೆಗಳಿಗೆ ಹಬ್ಬವಾಯಿತು. ಇಷ್ಟು ದೊಡ್ಡ ಕಲಾವಿದೆಯನ್ನು ಪರಿತ್ಯಕ್ತೆಯೆಂದೇ ನೆನೆಯುವುದು ನನಗೆ ಅಸಹನೀಯ. ವಿಸ್ಕೊಂತಿಯ ‘ಬೆಲ್ಲಿಸ್ಸಿಮಾ’ (1951) ನೋಡಿದವರು ಹಾಗೆ ಮಾಡಲಾರರು. ಮಗಳನ್ನು ತಾರೆಯಾಗಿಸಲು ಗಂಟುಕಟ್ಟಿದ ಹಣವನ್ನೆಲ್ಲ ಸುರಿದ ಬಡ ತಾಯಿ ಆಕೆ. ತೆರೆಯ ಮೇಲೆ ಮಗು ಅಳುವುದನ್ನು ಕಂಡು ಚಿತ್ರೋದ್ಯಮದವರು ಗಹಗಹಿಸುವುದನ್ನು ಕದ್ದು ನೋಡುತ್ತಾಳೆ. ಕರಾರುಪತ್ರ ಮನೆಬಾಗಿಲಿಗೆ ಬಂದಾಗ ಸಹಿ ಹಾಕುವುದಿಲ್ಲ. ಅಲ್ಲಿ ಅವಳ ಮುಖ ಒಡೆದುಹೋಗುವ ರೀತಿಯನ್ನು ಯಾವ ನಾಟಕಶಾಲೆಯೂ ಕಲಿಸಲಾರದು.

ಅಮೆರಿಕದ ನಾಟಕಕಾರ ಟೆನೆಸ್ಸಿ ವಿಲಿಯಮ್ಸ್ ಆಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ‘ದಿ ರೋಸ್ ಟ್ಯಾಟೂ’ ಬರೆದ. ಇಂಗ್ಲಿಷಿನ ಅಳುಕಿನಿಂದ ಆಕೆ ರಂಗಕ್ಕೆ ಒಲ್ಲೆನೆಂದಳು. ಆದರೆ 1955ರ ಚಿತ್ರಕ್ಕೆ ಒಪ್ಪಿ, ಮರುವರ್ಷ ಶ್ರೇಷ್ಠ ನಟಿಯೆಂದು ಆಸ್ಕರ್ ಪಡೆದಳು. ಪಸೊಲಿನಿಯ ‘ಮಮ್ಮಾ ರೋಮಾ’ದಲ್ಲಿ (1962) ಹಳೆಯ ಬದುಕಿನಿಂದ ಮಗನನ್ನು ದೂರವಿಡಲು ಹೆಣಗಿ ಸೋಲುವ ವೇಶ್ಯೆಯಾದಳು. ಬಳಿಕ ಪಾತ್ರಗಳು ವಿರಳವಾದವು.

ಫೆಲಿನಿಯ ‘ರೋಮಾ’ದಲ್ಲಿ (1972) ಆಕೆ ಆಕೆಯಾಗಿಯೇ ಬರುತ್ತಾಳೆ. ರಾತ್ರಿ ಮನೆಗೆ ಮರಳುವಾಗ ಮಾತಿಗೆಳೆವ ನಿರ್ದೇಶಕನಿಗೆ, ನಿನ್ನನ್ನು ನಂಬೆನೆಂದು ನಗುತ್ತಲೇ ಹೇಳಿ ಕದ ಮುಚ್ಚಿಕೊಳ್ಳುತ್ತಾಳೆ. ಅದೇ ಕೊನೆಯ ಪಾತ್ರ. 1973ರ ಸೆಪ್ಟೆಂಬರ್ 26ರಂದು, 65ನೆಯ ವಯಸ್ಸಿನಲ್ಲಿ, ಕ್ಯಾನ್ಸರ್ ಆಕೆಯನ್ನು ಕೊಂಡೊಯ್ದಿತು. ದೇಹವನ್ನು ಮೊದಲು ಇರಿಸಿದ್ದು ರೊಸೆಲ್ಲಿನಿ ಕುಟುಂಬದ ಸಮಾಧಿಯಲ್ಲಿ. ಕಡಲತೀರದ ಸಾನ್ ಫೆಲಿಚೆ ಚಿರ್ಚೆಯೊಗೆ ಸಾಗಿಸಿದ್ದು ಆಮೇಲೆ.