ವಾಲ್ಟ್ ಡಿಸ್ನಿ ದೇಹ ಇಂದಿಗೂ ಮಂಜುಗಡ್ಡೆಯಲ್ಲಿದೆಯೇ? ಮಿಕ್ಕಿ ಮೌಸ್ ಒಡೆಯನ ನಿಜವಾದ ಕತೆ

ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿ ಅವರ ದೇಹವನ್ನು ಸುಟ್ಟೂ ಇಲ್ಲ, ಹೂತೂ ಇಲ್ಲವಂತೆ. ಅವರ ಕಾಯಿಲೆಗೆ ಔಷಧಿ ಸಿಕ್ಕ ದಿನ ಮತ್ತೆ ಬದುಕಿಸಲೆಂದು ಹೆಪ್ಪುಗಟ್ಟಿಸಿ, ಡಿಸ್ನಿಲ್ಯಾಂಡ್‌ನ ಒಂದು ಆಟದ ಕೆಳಗಿನ ಗುಪ್ತ ಕೋಣೆಯಲ್ಲಿ ಇಟ್ಟಿದ್ದಾರಂತೆ. ಹಳೆಯ ಕಾರ್ಟೂನ್ ಫೋಟೊಗಳ ಜೊತೆ ಇಂಥದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು.

ನೇರ ಉತ್ತರ: ಇದು ಸುಳ್ಳು. ಡಿಸ್ನಿ 1966ರ ಡಿಸೆಂಬರ್ 15ರಂದು ತೀರಿಕೊಂಡರು. ಎರಡು ದಿನಗಳ ನಂತರ ದಹನ ನಡೆಯಿತು. ಚಿತಾಭಸ್ಮ ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿದೆ.

ಆದರೂ ಈ ಕತೆ ಅರವತ್ತು ವರ್ಷಗಳಿಂದ ಸಾಯುತ್ತಿಲ್ಲ. ಕಾರಣ ಸರಳ. ಬಾಲ್ಯದ ಸಿಹಿ ನೆನಪಿನ ಜೊತೆ ಬಂದ ಸುದ್ದಿಯನ್ನು ನಾವು ಅಷ್ಟಾಗಿ ಪ್ರಶ್ನಿಸುವುದಿಲ್ಲ. ಡಿಸ್ನಿ ತಮ್ಮ ಸಾಮ್ರಾಜ್ಯ ಕಟ್ಟಿದ್ದೂ ಇದೇ ನೆನಪಿನ ಬಲದಿಂದ. ಹಾಗಾಗಿ ಅವರ ಬದುಕನ್ನೊಮ್ಮೆ ಸರಿಯಾಗಿ ನೋಡೋಣ.

ಐದು ವರ್ಷದ ಹಳ್ಳಿ ಬಾಳು, ಬದುಕಿಡೀ ಅದರ ನೆನಪು

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೋದಲ್ಲಿ. 1906ರಲ್ಲಿ ಕುಟುಂಬ ಮಿಸೌರಿ ರಾಜ್ಯದ ಮಾರ್ಸೆಲೀನ್ ಎಂಬ ಸಣ್ಣ ಊರಿಗೆ ಬಂತು. ಹೊಲ, ಪ್ರಾಣಿಗಳು, ಊರ ಪಕ್ಕದ ರೈಲು ಹಳಿ. ಚಿತ್ರ ಬರೆಯುವ ಹುಚ್ಚು ಹತ್ತಿದ್ದು ಅಲ್ಲಿ. ಆದರೆ ಐದು ವರ್ಷದೊಳಗೆ ಹೊಲ ಕೈಬಿಟ್ಟು ಕುಟುಂಬ ಕಾನ್ಸಾಸ್ ಸಿಟಿಗೆ ಹೋಯಿತು.

ಅಲ್ಲಿ ತಂದೆ ಎಲಿಯಾಸ್ ಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು. ಒಂಬತ್ತು ವರ್ಷದ ವಾಲ್ಟ್, ಅಣ್ಣ ರಾಯ್ ಜೊತೆ ಬೆಳಗಿನ ಜಾವ ಎದ್ದು, ಹಿಮದಲ್ಲೂ ಮನೆಮನೆಗೆ ಪೇಪರ್ ಹಾಕುತ್ತಿದ್ದ. ಈ ಕೆಲಸ ಸುಮಾರು ಆರು ವರ್ಷ ನಡೆಯಿತು. ಶಾಲೆಯಲ್ಲಿ ತೂಕಡಿಕೆ ಬರುತ್ತಿತ್ತು, ಅಂಕ ಕಡಿಮೆಯಾಗುತ್ತಿತ್ತು. ಮುಂದೆ ಡಿಸ್ನಿ ಪರದೆಯ ಮೇಲೆ ತೋರಿಸಿದ ನಗುನಗುವ ಬಾಲ್ಯ ಅವರಿಗೆ ಸಿಕ್ಕಿದ್ದು ಆ ಐದು ವರ್ಷ ಮಾತ್ರ.

1918ರಲ್ಲಿ ಸೈನ್ಯ ಸೇರಲು ವಯಸ್ಸು ಸಾಲದಿದ್ದಾಗ, ಹುಟ್ಟಿದ ವರ್ಷ ತಿದ್ದಿ ರೆಡ್‌ಕ್ರಾಸ್ ಆಂಬುಲೆನ್ಸ್ ಚಾಲಕರಾದರು. ಫ್ರಾನ್ಸ್ ತಲುಪುವ ವೇಳೆಗೆ ಮೊದಲ ಮಹಾಯುದ್ಧ ಮುಗಿದಿತ್ತು.

ಮೊಲ ಹೋಯಿತು, ಇಲಿ ಬಂತು

ಊರಿಗೆ ಮರಳಿ ಕಾನ್ಸಾಸ್ ಸಿಟಿಯಲ್ಲಿ ತೆರೆದ ಕಾರ್ಟೂನ್ ಸ್ಟುಡಿಯೋ 1923ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಹಾಲಿವುಡ್‌ಗೆ ಹೋಗಿ ಅಣ್ಣ ರಾಯ್ ಜೊತೆ ಹೊಸ ಸ್ಟುಡಿಯೋ ಆರಂಭಿಸಿದರು. 1927ರಲ್ಲಿ ಬಂದ ಆಸ್ವಾಲ್ಡ್ ಎಂಬ ಮೊಲದ ಕಾರ್ಟೂನ್ ಗೆದ್ದಿತು. ಆದರೆ ಮೊಲದ ಹಕ್ಕು ಡಿಸ್ನಿಯವರದಾಗಿರಲಿಲ್ಲ. 1928ರಲ್ಲಿ ವಿತರಕರು ಮೊಲವನ್ನು ತಮ್ಮಲ್ಲೇ ಉಳಿಸಿಕೊಂಡು, ಅವರ ಕಲಾವಿದರಲ್ಲಿ ಹೆಚ್ಚಿನವರನ್ನೂ ಸೆಳೆದುಕೊಂಡರು. ಆ ಪೆಟ್ಟಿನಿಂದ ಹುಟ್ಟಿದವನೇ ಮಿಕ್ಕಿ.

ರೈಲಿನಲ್ಲಿ ಕೂತು ಡಿಸ್ನಿ ಒಬ್ಬರೇ ಮಿಕ್ಕಿಯನ್ನು ಬರೆದರು ಎಂಬ ಕತೆ ಬಹಳ ಹರಡಿದೆ. ನಿಜಕ್ಕೂ ಮಿಕ್ಕಿಗೆ ರೂಪ ಕೊಟ್ಟು, ಮೊದಲ ಚಿತ್ರದ ಬಹುಪಾಲು ರೇಖೆಗಳನ್ನು ಎಳೆದವರು ಗೆಳೆಯ ಅಬ್ ಐವರ್ಕ್ಸ್. ಡಿಸ್ನಿ ಕೊಟ್ಟಿದ್ದು ಕತೆ, ಸ್ವಭಾವ ಮತ್ತು ದನಿ. 1940ರ ದಶಕದ ನಡುವಿನವರೆಗೂ ಮಿಕ್ಕಿಯ ಕೀರಲು ದನಿ ಅವರದೇ.

1928ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ 'ಸ್ಟೀಮ್‌ಬೋಟ್ ವಿಲ್ಲೀ' ತೆರೆಕಂಡಿತು. ಜಗತ್ತಿನ ಮೊದಲ ಶಬ್ದಸಹಿತ ಕಾರ್ಟೂನ್ ಇದು ಎಂದು ಹಲವರು ನಂಬಿದ್ದಾರೆ. ಹಾಗಲ್ಲ, ಫ್ಲೈಶರ್ ಸಹೋದರರು 1924ರಿಂದಲೇ ಅಂಥ ಪ್ರಯೋಗ ನಡೆಸಿದ್ದರು. ಡಿಸ್ನಿಯ ಹೆಚ್ಚುಗಾರಿಕೆ ಬೇರೆ. ಪ್ರತಿ ಹೆಜ್ಜೆ, ಪ್ರತಿ ಸಿಳ್ಳೆ ಸಂಗೀತದ ತಾಳಕ್ಕೆ ಸರಿಯಾಗಿ ಕೂರುವಂತೆ ಅವರು ಮಾಡಿಸಿದರು.

ಒಂದು ಸಿನಿಮಾಕ್ಕೆ ಲಕ್ಷ ದಾಟಿದ ಫ್ರೇಮ್‌ಗಳು

1937ರ ಡಿಸೆಂಬರ್ 21ರಂದು ಪ್ರದರ್ಶನ ಕಂಡ 'ಸ್ನೋ ವೈಟ್' 83 ನಿಮಿಷದ ಚಿತ್ರ. ಸೆಕೆಂಡಿಗೆ 24 ಫ್ರೇಮ್ ಲೆಕ್ಕ ಹಾಕಿದರೆ ಸುಮಾರು 1,19,500 ಫ್ರೇಮ್‌ಗಳು. ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದಲೇ ಚಿತ್ರ ಬರೆದು, ಬಣ್ಣ ತುಂಬಿ, ಒಂದೊಂದೇ ಫ್ರೇಮ್ ಕ್ಯಾಮೆರಾದಲ್ಲಿ ಸೆರೆಹಿಡಿಯಬೇಕಿತ್ತು. ವೇಗವಾಗಿ ಬದಲಾಗುವ ಬಿಡಿ ಚಿತ್ರಗಳನ್ನು ನಮ್ಮ ಮೆದುಳು ಒಂದೇ ಚಲನೆಯಾಗಿ ಜೋಡಿಸಿಕೊಳ್ಳುತ್ತದೆ. ಕಾರ್ಟೂನ್ ನಿಂತಿರುವುದೇ ಈ ಗುಣದ ಮೇಲೆ.

ವೆಚ್ಚ ಸುಮಾರು 15 ಲಕ್ಷ ಡಾಲರ್‌ಗೆ ಏರಿತು. ಬ್ಯಾಂಕ್ ಸಾಲ ಮಾಡಬೇಕಾಯಿತು. ಕಾರ್ಟೂನನ್ನು ಒಂದೂಕಾಲು ಗಂಟೆ ಯಾರು ಕೂತು ನೋಡುತ್ತಾರೆ ಎಂದು ಹಾಲಿವುಡ್ ನಕ್ಕಿತು. ಚಿತ್ರ ಭರ್ಜರಿಯಾಗಿ ಗೆದ್ದಿತು. ಡಿಸ್ನಿಗೆ ಒಂದು ದೊಡ್ಡ, ಏಳು ಪುಟಾಣಿ ಆಸ್ಕರ್ ಪ್ರತಿಮೆಗಳಿದ್ದ ವಿಶೇಷ ಪ್ರಶಸ್ತಿ ಬಂತು. ಆದರೆ ಇದು ಜಗತ್ತಿನ ಮೊದಲ ಪೂರ್ಣಾವಧಿ ಅನಿಮೇಷನ್ ಚಿತ್ರವಲ್ಲ. ಅರ್ಜೆಂಟೀನಾದಲ್ಲಿ 1917ರಲ್ಲೂ, ಜರ್ಮನಿಯಲ್ಲಿ 1926ರಲ್ಲೂ ಅಂಥ ಚಿತ್ರಗಳು ಬಂದಿದ್ದವು.

ತಾಯಿಯ ಸಾವು ಮತ್ತು ಒಂದು ಸುಳ್ಳು ನಂಟು

ಗೆಲುವಿನ ಖುಷಿಯಲ್ಲಿ ಮಕ್ಕಳಿಬ್ಬರೂ ಸೇರಿ ತಂದೆತಾಯಿಗೆ ಮನೆ ಕೊಡಿಸಿದರು. ಚಳಿಗೆ ಮನೆ ಬೆಚ್ಚಗಿಡುವ ಗ್ಯಾಸ್ ಹೀಟರ್ ಕೆಟ್ಟು, 1938ರ ನವೆಂಬರ್‌ನಲ್ಲಿ ತಾಯಿ ಫ್ಲೋರಾ ವಿಷಾನಿಲಕ್ಕೆ ಬಲಿಯಾದರು. ಡಿಸ್ನಿ ಈ ವಿಷಯ ಮಾತಾಡುವುದನ್ನೇ ತಪ್ಪಿಸುತ್ತಿದ್ದರು.

ಈ ನೋವಿನಿಂದಲೇ ಡಿಸ್ನಿ ಚಿತ್ರಗಳಲ್ಲಿ ತಾಯಿ ಇರುವುದಿಲ್ಲ ಎಂಬ ಸಂದೇಶವೂ ಓಡಾಡುತ್ತದೆ. ದಿನಾಂಕ ನೋಡಿದರೆ ಸಾಕು. ತಾಯಿಯಿಲ್ಲದ ಸ್ನೋ ವೈಟ್ ತೆರೆಗೆ ಬಂದಿದ್ದು ಫ್ಲೋರಾ ಸಾಯುವ ಮೊದಲೇ. ಸಿಂಡ್ರೆಲಾ ಶತಮಾನಗಳ ಹಿಂದಿನ ಜನಪದ ಕತೆ.

ಈ ಘಟನೆಯಿಂದ ನಾವು ಕಲಿಯಬೇಕಾದ್ದು ಬೇರೆ ಇದೆ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಬಿಡುತ್ತದೆ. ಗಾಳಿಯಾಡದ ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಇಟ್ಟವರು ಇದನ್ನು ಮರೆಯಬಾರದು.

ಎಲ್ಲರ ಮಾಮ ಆಗಿರಲಿಲ್ಲ

ಟಿವಿಯಲ್ಲಿ ಕಾಣುತ್ತಿದ್ದ ನಗುಮುಖದ ಮಾಮನೇ ಪೂರ್ತಿ ಡಿಸ್ನಿ ಅಲ್ಲ. ಅವರ ಕಾರ್ಟೂನ್‌ಗಳಲ್ಲಿ ದುಡಿದ ಹಲವು ಕಲಾವಿದರ ಹೆಸರು ಪರದೆಯ ಮೇಲೆ ಬರುತ್ತಿರಲಿಲ್ಲ. ಸಂಬಳದಲ್ಲೂ ತಾರತಮ್ಯವಿತ್ತು. 1941ರ ಮೇ ತಿಂಗಳಲ್ಲಿ ನೂರಾರು ಮಂದಿ ಮುಷ್ಕರಕ್ಕೆ ಇಳಿದರು. ಡಿಸ್ನಿ ಇದನ್ನು ದ್ರೋಹವೆಂದೇ ತಿಳಿದರು. 1947ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೆದುರು ಮುಷ್ಕರದ ಹಿಂದೆ ಕಮ್ಯುನಿಸ್ಟರಿದ್ದರು ಎಂದು ಸಾಕ್ಷಿ ನುಡಿದರು.

ನೆನಪನ್ನೇ ಊರಾಗಿ ಕಟ್ಟಿದರು

ಉಳಿದ ಸ್ಟುಡಿಯೋಗಳು ಟಿವಿಯನ್ನು ಶತ್ರುವೆಂದು ನೋಡುತ್ತಿದ್ದಾಗ ಡಿಸ್ನಿ ಅದನ್ನು ಅಪ್ಪಿಕೊಂಡರು. 1954ರ ಅಕ್ಟೋಬರ್‌ನಲ್ಲಿ ಎಬಿಸಿ ವಾಹಿನಿಯಲ್ಲಿ 'ಡಿಸ್ನಿಲ್ಯಾಂಡ್' ಎಂಬ ವಾರದ ಕಾರ್ಯಕ್ರಮ ಶುರುವಾಯಿತು. ಬದಲಿಗೆ ವಾಹಿನಿಯು ಅದೇ ಹೆಸರಿನ ಉದ್ಯಾನಕ್ಕೆ ಹಣ ಹಾಕಿತು. 1955ರ ಜುಲೈ 17ರಂದು ಉದ್ಯಾನ ತೆರೆಯಿತು.

ಒಳಗೆ ಕಾಲಿಟ್ಟರೆ ಮೊದಲು ಸಿಗುವುದು 1900ರ ಆಸುಪಾಸಿನ ಸಣ್ಣ ಊರಿನ ಬೀದಿ. ಅದಕ್ಕೆ ಸ್ಫೂರ್ತಿ ಮಾರ್ಸೆಲೀನ್. ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಕೆಳಗಿನದಕ್ಕಿಂತ ಚಿಕ್ಕದಾಗಿ ಕಟ್ಟಿದ್ದಾರೆ. ಕಣ್ಣು ಮೋಸಹೋಗಿ ಅವು ಇರುವುದಕ್ಕಿಂತ ಎತ್ತರವಾಗಿ ಕಾಣುತ್ತವೆ. ನೆನಪು ಮಾಡುವುದೂ ಇದೇ ಕೆಲಸವನ್ನೇ. ಪೇಪರ್ ಹಾಕಿದ ಹಿಮದ ಬೀದಿ ಅಲ್ಲಿಲ್ಲ, ಸುಂದರವಾದ ಊರು ಮಾತ್ರ ಇದೆ.

ಡಿಸ್ನಿ ಚಿತ್ರವೇ ಹುಟ್ಟಿಸಿದ ಸುಳ್ಳು

ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂದು ಕೇಳಿದ್ದೀರಾ? ಈ ನಂಬಿಕೆಗೆ ದೊಡ್ಡ ಬಲ ಕೊಟ್ಟಿದ್ದು 1958ರಲ್ಲಿ ಡಿಸ್ನಿ ಹೆಸರಿನಲ್ಲಿ ಬಂದ 'ವೈಟ್ ವೈಲ್ಡರ್‌ನೆಸ್' ಸಾಕ್ಷ್ಯಚಿತ್ರ. ಅದಕ್ಕೆ ಆಸ್ಕರ್ ಕೂಡ ಸಿಕ್ಕಿತು. ಆ ದೃಶ್ಯದ ಬಂಡವಾಳವನ್ನು 1980ರ ದಶಕದಲ್ಲಿ ಕೆನಡಾದ ಟಿವಿ ಕಾರ್ಯಕ್ರಮವೊಂದು ಬಯಲು ಮಾಡಿತು. ಲೆಮ್ಮಿಂಗ್‌ಗಳೇ ಇಲ್ಲದ ಆಲ್ಬರ್ಟಾ ಪ್ರಾಂತ್ಯಕ್ಕೆ ಅವನ್ನು ತರಿಸಿ, ಬಂಡೆಯಂಚಿನಿಂದ ನೀರಿಗೆ ತಳ್ಳಿ ಚಿತ್ರೀಕರಿಸಿದ್ದರು. ನಿಜ ಇಷ್ಟೇ: ಕೆಲವು ವರ್ಷಗಳಿಗೊಮ್ಮೆ ಅವುಗಳ ಸಂಖ್ಯೆ ವಿಪರೀತ ಏರುತ್ತದೆ. ಆಗ ಹೊಸ ಜಾಗ ಹುಡುಕುತ್ತಾ ಹೊರಟು, ನದಿ ದಾಟುವಾಗ ಕೆಲವು ಮುಳುಗುತ್ತವೆ.

ಕೊನೆಯ ಆರು ವಾರ

ಡಿಸ್ನಿ ಹದಿಹರೆಯದಿಂದಲೂ ವಿಪರೀತ ಸಿಗರೇಟ್ ಸೇದುತ್ತಿದ್ದರು. ಕಾರಿಡಾರಿನಲ್ಲಿ ಕೆಮ್ಮು ಕೇಳಿದರೆ ಯಜಮಾನರು ಬಂದರೆಂದು ನೌಕರರಿಗೆ ಗೊತ್ತಾಗುತ್ತಿತ್ತು. 1966ರ ನವೆಂಬರ್ ಆರಂಭದಲ್ಲಿ ಕುತ್ತಿಗೆಯ ಹಳೆಯ ನೋವಿಗೆ ಚಿಕಿತ್ಸೆ ಪಡೆಯಲು ಹೋದಾಗ, ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ಗೆಡ್ಡೆ ಕಂಡಿತು. ಶಸ್ತ್ರಚಿಕಿತ್ಸೆ ಮಾಡಿ ಆ ಶ್ವಾಸಕೋಶ ತೆಗೆದರು. ಆದರೆ ಕ್ಯಾನ್ಸರ್ ಹರಡಿತ್ತು. 65 ತುಂಬಿ ಹತ್ತು ದಿನಕ್ಕೆ, ಬರ್ಬ್ಯಾಂಕ್‌ನಲ್ಲಿ ತಮ್ಮ ಸ್ಟುಡಿಯೋ ಎದುರಿನ ಆಸ್ಪತ್ರೆಯಲ್ಲೇ ಕೊನೆಯುಸಿರೆಳೆದರು. ಮೇಲ್ವಿಚಾರಣೆ ಮಾಡುತ್ತಿದ್ದ 'ಜಂಗಲ್ ಬುಕ್' ತೆರೆಗೆ ಬಂದಿದ್ದು ಮರುವರ್ಷ.

ಹಾಗಾದರೆ ಮಂಜುಗಡ್ಡೆ ಕತೆ ಎಲ್ಲಿಂದ ಬಂತು?

ಮುಖ್ಯವಾಗಿ ಎರಡು ಕಾರಣ. ಅಂತ್ಯಕ್ರಿಯೆ ಮನೆಯವರಷ್ಟೇ ಸೇರಿ ಸದ್ದಿಲ್ಲದೆ ಮುಗಿಸಿದರು. ಒಂದು ತಿಂಗಳೂ ಕಳೆಯುವ ಮೊದಲು, 1967ರ ಜನವರಿ 12ರಂದು, ಕ್ಯಾಲಿಫೋರ್ನಿಯಾದಲ್ಲೇ ಜೇಮ್ಸ್ ಬೆಡ್‌ಫೋರ್ಡ್ ಎಂಬ ಪ್ರಾಧ್ಯಾಪಕರ ದೇಹವನ್ನು ಸತ್ತ ನಂತರ ಹೆಪ್ಪುಗಟ್ಟಿಸಿದರು. ಇದು ಅಂಥ ಮೊದಲ ಪ್ರಕರಣ. ಜನರ ಬಾಯಲ್ಲಿ ಎರಡೂ ಸುದ್ದಿ ಬೆರೆತವು. 2013ರ 'ಫ್ರೋಜನ್' ಚಿತ್ರಕ್ಕೆ ಆ ಹೆಸರಿಟ್ಟಿದ್ದೇ ಈ ಗುಟ್ಟು ಮುಚ್ಚಲು ಎಂಬುದು ಇದಕ್ಕೆ ಸೇರಿದ ಹೊಸ ಬಾಲ. ಆ ಚಿತ್ರಕ್ಕೆ ಸ್ಫೂರ್ತಿ ಆಂಡರ್ಸನ್‌ನ ಹಿಮರಾಣಿಯ ಕತೆ.

ಹೀಗೆ ಹೆಪ್ಪುಗಟ್ಟಿಸಿದವರು ಬದುಕಬಹುದೇ? ಈವರೆಗೆ ಒಬ್ಬರೂ ಬದುಕಿಲ್ಲ. ನೀರು ಮಂಜಾದಾಗ ಹರಳುಗಳು ಜೀವಕೋಶಗಳನ್ನು ಸೀಳುತ್ತವೆ. ಹಾಗಾಗದಂತೆ ರಕ್ತದ ಬದಲು ರಾಸಾಯನಿಕ ದ್ರವ ತುಂಬಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಪುಟ್ಟ ಭ್ರೂಣ, ವೀರ್ಯಕ್ಕೆ ಇಂಥ ವಿಧಾನ ಸರಿಹೋಗುತ್ತದೆ. ಇಡೀ ಮಾನವ ದೇಹವನ್ನು ಕೆಡದಂತೆ ಮರಳಿ ತರುವ ದಾರಿ ಇಲ್ಲ.

ನಮ್ಮ ದೂರದರ್ಶನದ ಡಿಸ್ನಿ

1990ರ ದಶಕದ ಭಾನುವಾರಗಳಲ್ಲಿ ನಾವು ಟಿವಿ ಮುಂದೆ ಕೂತು ನೋಡಿದ 'ಡಕ್‌ಟೇಲ್ಸ್' ತಯಾರಾಗಿದ್ದು 1987ರಲ್ಲಿ, 'ಟೇಲ್‌ಸ್ಪಿನ್' 1990ರಲ್ಲಿ. ವಾಲ್ಟ್ ಡಿಸ್ನಿ ಸತ್ತು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಅದೇ ದೂರದರ್ಶನದ ಮೋಗ್ಲಿ ಧಾರಾವಾಹಿ ಡಿಸ್ನಿಯದಲ್ಲ, ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆಯದು. 'ಟಾಮ್ ಅಂಡ್ ಜೆರ್ರಿ' ಕೂಡ ಡಿಸ್ನಿಯದಲ್ಲ. 1940ರಲ್ಲಿ ಎಂಜಿಎಂ ಸ್ಟುಡಿಯೋಗಾಗಿ ಅದನ್ನು ಸೃಷ್ಟಿಸಿದವರು ಹನ್ನಾ ಮತ್ತು ಬಾರ್ಬೆರಾ.

ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳು ಮುಂದೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಮತ್ತೆ ಮತ್ತೆ ಕೇಳಿದ ಮಾತು ನಿಜವೆನಿಸುತ್ತದೆ ಎಂದೂ ಪ್ರಯೋಗಗಳು ತೋರಿಸಿವೆ. ಎರಡೂ ಒಂದೇ ಸಂದೇಶದಲ್ಲಿ ಸೇರಿದಾಗ ಫಾರ್ವರ್ಡ್ ಬಟನ್‌ಗೆ ಬೆರಳು ತಾನಾಗಿ ಹೋಗುತ್ತದೆ.

ಹಳೆಯ ಕಾರ್ಟೂನ್ ನೆನೆದು ಖುಷಿಪಡುವುದರಲ್ಲಿ ತಪ್ಪೇನಿಲ್ಲ. ಮುಂದಿನ ಸಲ ಈ ಸಂದೇಶ ಬಂದರೆ ಇಷ್ಟು ಹೇಳಿ: ಡಿಸ್ನಿಯನ್ನು ಕೊಂದಿದ್ದು ಶ್ವಾಸಕೋಶದ ಕ್ಯಾನ್ಸರ್, ಅವರ ದೇಹ 1966ರಲ್ಲೇ ಬೂದಿಯಾಯಿತು. ಗ್ರೂಪ್‌ನಲ್ಲಿ ಸಿಗರೇಟ್ ಸೇದುವವರಿದ್ದರೆ ಅವರಿಗೆ ಮಂಜುಗಡ್ಡೆ ಕತೆಯ ಬದಲು ಈ ಎಕ್ಸ್‌ರೇ ಕತೆಯನ್ನೇ ಕಳಿಸಿ.