ಹೆಂಡದಂಗಡಿಗೆ ಮೇರೆ ಹಾಕಿದ ರಾಜಾಜಿಯವರ ಚರಿತ್ರೆ

ಆರಾಧನೆಗೆ ಹೋಗುವ ದಾರಿಯಲ್ಲಿಯೇ ಮದ್ಯದ ಅಂಗಡಿ ಇದ್ದರೆ ಸಭೆಯವರಿಗೆ ಆಗುವ ಕಷ್ಟವನ್ನು ಹಳ್ಳಿಯಲ್ಲಿ ವಾಸಿಸುವ ನಿಮಗೆ ವಿವರಿಸಬೇಕಾದದ್ದಿಲ್ಲ. ಅಂಗಡಿಗೂ ದೇವಾಲಯಕ್ಕೂ ನಡುವೆ ಎಷ್ಟು ದೂರವಿರಬೇಕೆಂಬುದಕ್ಕೆ ಈಗ ಕಾಯಿದೆಯಲ್ಲಿ ಒಂದು ಅಳತೆ ಉಂಟು. ಆ ಅಳತೆ ಹುಟ್ಟುವುದಕ್ಕೆ ಮುಂಚೆ ಹೊಸಪೇಟೆ, ಹಂಪೆ, ಕಂಪ್ಲಿಗಳಲ್ಲಿ ಅಂಗಡಿಯೇ ಇರಕೂಡದೆಂಬ ಬೇರೊಂದು ಕಾಯಿದೆ ನಡೆಯುತ್ತಿತ್ತು. ಯಾಕಂದರೆ ಬಳ್ಳಾರಿ ಜಿಲ್ಲೆಯು ಆಗ ಮದರಾಸಿಗೆ ಸೇರಿತ್ತು. ಆ ಕಾಯಿದೆಯನ್ನು ತಂದವರು ಚಕ್ರವರ್ತಿ ರಾಜಗೋಪಾಲಾಚಾರ್ಯರು; ಜನರು ಅವರನ್ನು ರಾಜಾಜಿ ಎಂದು ಕರೆಯುತ್ತಿದ್ದರು. ಅವರು ವೈಷ್ಣವ ಬ್ರಾಹ್ಮಣರು, ನಮ್ಮ ಸಭೆಗೆ ಸೇರಿದವರಲ್ಲ. ಆದಾಗ್ಯೂ ಕುಡಿತದಿಂದ ಹಾಳಾದ ಬಡವರ ಮನೆಗಳಿಗಾಗಿ ಅವರು ಪಟ್ಟ ಪ್ರಯಾಸವನ್ನು ನಮ್ಮವರೂ ತಿಳಿದಿರುವುದು ಯೋಗ್ಯವಾಗಿದೆ.

ರಾಜಾಜಿಯವರು 1878ನೆಯ ಇಸವಿ ಡಿಸೆಂಬರ್ 10ರಂದು ಹೊಸೂರಿನ ಹತ್ತಿರವಿರುವ ತೊರಪಳ್ಳಿ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಅದೇ ಊರಿನ ಮುನಸೀಫರಾಗಿದ್ದರು. ಆ ಸೀಮೆಯು ಅಂದು ಸೇಲಂ ಜಿಲ್ಲೆಗೆ ಸೇರಿತ್ತು. ಅಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಭಾಷೆಗಳು ಕೇಳಬರುತ್ತವೆ. ಹುಡುಗನು ಹೊಸೂರಿನಲ್ಲಿ ಓದಿ, ತರುವಾಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದರಾಸಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತನು. 1900ನೆಯ ಇಸವಿಯಲ್ಲಿ ಸೇಲಂ ಪಟ್ಟಣದಲ್ಲಿ ವಕೀಲಿಯನ್ನು ಆರಂಭಿಸಿದ ಮೇಲೆ ಹೆಸರೂ ಹಣವೂ ಬೇಗನೆ ಬಂದವು. ಪುರಸಭೆಯ ಅಧ್ಯಕ್ಷತೆಯೂ ದೊರೆಯಿತು. ಆದರೆ ಅವರ ಹೆಂಡತಿಯು ಐದು ಮಂದಿ ಮಕ್ಕಳನ್ನು ಬಿಟ್ಟು ಚಿಕ್ಕ ಪ್ರಾಯದಲ್ಲಿಯೇ ತೀರಿಕೊಂಡದ್ದರಿಂದ ಮನೆಯ ಭಾರವೆಲ್ಲ ಅವರ ಮೇಲೆ ಬಿತ್ತು. ಅವರು ಮತ್ತೆ ಮದುವೆಯಾಗಲಿಲ್ಲ.

ಗಾಂಧಿಯವರ ಪರಿಚಯವಾದ ಮೇಲೆ ಅವರು ವಕೀಲಿಯನ್ನು ಬಿಟ್ಟರು. 1921ನೆಯ ಇಸವಿಯ ಕಡೆಯಲ್ಲಿ ಸರಕಾರದವರು ಅವರನ್ನು ವೇಲೂರಿನ ಸೆರೆಮನೆಯಲ್ಲಿ ಇಟ್ಟರು. ಬಿಡುಗಡೆಯಾದ ಕೆಲವು ವರುಷಗಳ ತರುವಾಯ, 1925ರಲ್ಲಿ, ತಿರುಚೆಂಗೋಡಿನ ಬಳಿಯ ಒಂದು ಹಳ್ಳಿಯಲ್ಲಿ ಆಶ್ರಮವನ್ನು ಸ್ಥಾಪಿಸಿ, ಮಕ್ಕಳೊಡನೆ ಅಲ್ಲಿಯೇ ವಾಸಿಸತೊಡಗಿದರು. ಮಳೆ ತಪ್ಪುವ ಒಣ ಸೀಮೆ ಅದು. ಹೆಂಗಸರು ನೂಲು ತೆಗೆದು ಗಳಿಸಿದ ಕಾಸು ಗಂಡಸರ ಮೂಲಕ ಹೆಂಡದಂಗಡಿಗೆ ಹೋಗುವ ಸಂಗತಿಯು ಅಲ್ಲಿ ದಿನಾಲೂ ಕಣ್ಣಿಗೆ ಬೀಳುವಂಥದ್ದಾಗಿತ್ತು. ಆದಕಾರಣ 1929ರಲ್ಲಿ ಅವರು ಕುಡಿತವನ್ನು ಬಿಡಿಸುವುದಕ್ಕೋಸ್ಕರವೇ ವಿಮೋಚನಂ ಎಂಬ ತಮಿಳು ಪತ್ರಿಕೆಯನ್ನು ಆಶ್ರಮದಿಂದ ಹೊರಡಿಸಿದರು. ಮುಂದೆ ತಮಿಳಿನ ಪ್ರಸಿದ್ಧ ಕಥೆಗಾರರಾದ ಕಲ್ಕಿ ಕೃಷ್ಣಮೂರ್ತಿಯವರು ಆ ಕೆಲಸದಲ್ಲಿ ಅವರಿಗೆ ಸಹಾಯಕರಾಗಿದ್ದರು.

ಆ ಕಾಲದಲ್ಲಿ ಅಬಕಾರಿ ಹೇಗೆ ನಡೆಯುತ್ತಿತ್ತೆಂದು ಇಲ್ಲಿ ಹೇಳಬೇಕು. ಸರಕಾರವು ಅಂಗಡಿಗಳನ್ನು ಹರಾಜು ಹಾಕುತ್ತಿತ್ತು. ಹೆಚ್ಚು ಕೂಗಿದವನಿಗೆ ಗುತ್ತಿಗೆ. ಹೆಂಡ ಇಳಿಸುವ ಮರಗಳಿಗೆ ಬೇರೆ ತೆರಿಗೆ. ಗುತ್ತಿಗೆದಾರನು ಕೊಟ್ಟ ಹಣವನ್ನು ವರುಷದೊಳಗೆ ತಿರುಗಿ ಪಡೆಯಬೇಕಾಗಿದ್ದುದರಿಂದ ಸಂತೆಯ ಬಾಯಿ, ಕೂಲಿಯವರ ಕೇರಿ, ಜಾತ್ರೆಯ ದಾರಿ ಮುಂತಾದ ಜನ ಸೇರುವ ಸ್ಥಳವನ್ನೇ ಹುಡುಕುತ್ತಿದ್ದನು. ಮದರಾಸು ಪ್ರಾಂತದ ವರಮಾನದಲ್ಲಿ ಸುಮಾರು ಕಾಲು ಪಾಲು ಈ ಬಾಬಿನಿಂದಲೇ ಬರುತ್ತಿತ್ತು. ಕುಡುಕನ ಕಾಸಿನಿಂದ ಶಾಲೆ ನಡೆಸುವುದು ಸರಕಾರಕ್ಕೆ ವಾಡಿಕೆಯಾಗಿಬಿಟ್ಟಿತ್ತು.

1937ನೆಯ ಇಸವಿ ಜುಲೈ ತಿಂಗಳಲ್ಲಿ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಮಂತ್ರಿಗಳಾದರು. ಅದೇ ಅಕ್ಟೋಬರ್ 1ರಂದು ತಮ್ಮ ಸ್ವಂತ ಜಿಲ್ಲೆಯಾದ ಸೇಲಂನಲ್ಲಿ ಪಾನನಿರೋಧವನ್ನು ಜಾರಿಗೆ ತಂದರು. ಊರಿನ ಗುಡಿಯಿಂದ ಅಥವಾ ಚರ್ಚಿನಿಂದ ಇಂತಿಷ್ಟು ಗಜ ಎಂದು ಅವರು ಅಳೆಯಲಿಲ್ಲ; ಜಿಲ್ಲೆಯ ಎಲ್ಲೆಯನ್ನೇ ಮೇರೆಯಾಗಿ ಇಟ್ಟರು. ಅದರೊಳಗೆ ಹೆಂಡ, ಸಾರಾಯಿ ಯಾವುದನ್ನೂ ಮಾರಕೂಡದು. 1938ರಲ್ಲಿ ಕಡಪಾ ಮತ್ತು ಚಿತ್ತೂರು, 1939ರಲ್ಲಿ ಉತ್ತರ ಆರ್ಕಾಟು ಜಿಲ್ಲೆಗಳು ಸೇರಿದವು. ಹೋದ ವರಮಾನವನ್ನು ತುಂಬುವುದಕ್ಕೆ 1939ರಲ್ಲಿ ಸರಕುಗಳ ಮಾರಾಟದ ಮೇಲೆ ತೆರಿಗೆಯನ್ನು ಹಾಕಿದರು. ಇಂದು ನಾವು ಅಂಗಡಿಯಲ್ಲಿ ಕೊಡುವ ತೆರಿಗೆಯ ಮೂಲವನ್ನು ಹುಡುಕುವವರು ಅಲ್ಲಿಗೆ ಹೋಗಿ ಮುಟ್ಟುತ್ತಾರೆ. ಆ ತೆರಿಗೆ ಮಾತ್ರ ಉಳಿಯಿತು.

ಈ ಕಾರ್ಯದಲ್ಲಿ ಕೊರತೆಗಳಿರಲಿಲ್ಲವೆಂದು ಹೇಳಲಾಗದು. ಮರ ಹತ್ತಿ ಬದುಕುವವರು ಕಸುಬು ಕಳಕೊಂಡರು. ಜಿಲ್ಲೆಯ ಅಂಚಿನವರಿಗೆ ಎಲ್ಲೆ ದಾಟಿದರೆ ಮೈಸೂರು ಸಂಸ್ಥಾನದ ಅಂಗಡಿಗಳು ತೆರೆದೇ ಇದ್ದವು. ಕಳ್ಳಭಟ್ಟಿಯೂ ಹುಟ್ಟಿಕೊಂಡಿತು. ಎಲ್ಲಿ ಗೆರೆ ಎಳೆದರೂ ಗೆರೆಯ ಆಚೆ ಒಂದು ಅಂಗಡಿ ಇರುತ್ತದೆ. ಗೆರೆಯು ಎಷ್ಟು ದೂರ ಇದೆ, ಕೂಲಿಯ ಹಣ ಕೈಯಲ್ಲಿರುವವನು ಅಷ್ಟು ದೂರ ನಡೆಯುವನೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ಜಿಲ್ಲೆಯ ನಡುವೆ ಇದ್ದವನಿಗೆ ಅದು ದಿನದ ನಡಿಗೆಯಾದ್ದರಿಂದ ಅಲ್ಲಿಯ ಮನೆಗಳಲ್ಲಿ ಒಲೆ ಉರಿಯಿತು.

1939ರ ಅಕ್ಟೋಬರಿನಲ್ಲಿ ರಾಜಾಜಿಯವರ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಯುದ್ಧಕಾಲದಲ್ಲಿ ಅಂಗಡಿಗಳು ಮತ್ತೆ ತೆರೆದವು. 1946ರಿಂದ ಹೊಸ ಮಂತ್ರಿಗಳು ಜಿಲ್ಲೆ ಜಿಲ್ಲೆಯಾಗಿ ಮುಚ್ಚುತ್ತಾ ಬಂದು, 1948ನೆಯ ಇಸವಿ ಅಕ್ಟೋಬರ್ 2ರ ಹೊತ್ತಿಗೆ ಮದರಾಸು ಪ್ರಾಂತವೆಲ್ಲ ಪಾನನಿರೋಧಕ್ಕೆ ಒಳಪಟ್ಟಿತು. ಹೀಗೆ ಸೇಲಂನಲ್ಲಿ ಹಾಕಿದ ಮೇರೆಯು ನಮ್ಮ ಬಳ್ಳಾರಿ ಜಿಲ್ಲೆಯನ್ನೂ ಒಳಗೊಂಡಿತು. ಹೊಸಪೇಟೆಯ ಬಜಾರು, ಕಂಪ್ಲಿಯ ಕಬ್ಬಿನ ಗದ್ದೆಗಳು, ಹಂಪೆಯ ಜಾತ್ರೆ ಎಲ್ಲವೂ ಅದರೊಳಗೆ ಬಂದವು. ಸಂಡೂರು ಮಾತ್ರ ಘೋರ್ಪಡೆ ಅರಸರ ಸಂಸ್ಥಾನವಾಗಿದ್ದು, ಸುತ್ತಲೂ ಬಳ್ಳಾರಿ ಜಿಲ್ಲೆಯಿದ್ದರೂ ಮದರಾಸಿನ ಕಾಯಿದೆಗೆ ಒಳಪಟ್ಟಿರಲಿಲ್ಲ. 1949ರಲ್ಲಿ ಅದು ಮದರಾಸಿನಲ್ಲಿ ಲೀನವಾಯಿತು. 1932ರಲ್ಲಿಯೇ ಕುಮಾರಸ್ವಾಮಿ ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆಸಿದ ಅರಸರು ಆ ಸಂಸ್ಥಾನದಲ್ಲಿ ಇದ್ದರೆಂಬುದನ್ನೂ ಮರೆಯಬಾರದು.

ಆ ನಡುವೆ ರಾಜಾಜಿಯವರು ಪಶ್ಚಿಮ ಬಂಗಾಳದ ರಾಜ್ಯಪಾಲರೂ, 1948ರಿಂದ 1950ರ ತನಕ ಭಾರತದ ಗವರ್ನರ್ ಜನರಲರೂ ಆದರು. ಆ ಸ್ಥಾನದಲ್ಲಿ ಕುಳಿತ ಭಾರತೀಯರು ಅವರೊಬ್ಬರೇ. 1952ರಲ್ಲಿ ತಿರುಗಿ ಮದರಾಸಿನ ಮುಖ್ಯಮಂತ್ರಿಗಳಾದರು. 1953ನೆಯ ಇಸವಿ ಅಕ್ಟೋಬರ್ 1ರಂದು ಬಳ್ಳಾರಿ, ಹೊಸಪೇಟೆ, ಸಂಡೂರು ಮುಂತಾದ ತಾಲೂಕುಗಳು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದಾಗ ಮದರಾಸಿನಲ್ಲಿ ಅಧಿಕಾರದಲ್ಲಿದ್ದವರು ಅವರೇ. ಅದೇ ವರುಷ ಅವರು ಮಾಡಿದ ಒಂದು ಏರ್ಪಾಡನ್ನು ಹೊಗಳುವ ಮನಸ್ಸು ನಮಗಿಲ್ಲ. ಮಕ್ಕಳು ಅರ್ಧ ದಿನ ಶಾಲೆಯಲ್ಲಿ ಓದಿ, ಉಳಿದ ಹೊತ್ತು ತಂದೆಯ ಕಸುಬನ್ನು ಕಲಿಯಬೇಕೆಂಬುದು ಆ ಏರ್ಪಾಡು. ತಂದೆಯ ಕಸುಬಿನಿಂದ ಬಿಡಿಸಿಕೊಳ್ಳಲಿ ಎಂದೇ ಮಗನನ್ನು ಶಾಲೆಗೆ ಕಳುಹಿಸುವ ಬಡವನಿಗೆ ಇದು ಹೇಗೆ ಹಿತವಾದೀತು? ಜನರು ಬಲವಾಗಿ ವಿರೋಧಿಸಿದರು. 1954ರಲ್ಲಿ ಅವರು ಅಧಿಕಾರವನ್ನು ಬಿಟ್ಟರು.

ಮುಪ್ಪಿನಲ್ಲಿ ಅವರು ತಮ್ಮ ಹಳೆಯ ಪಕ್ಷವನ್ನು ಬಿಟ್ಟು, 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಆದರೆ ಪಾನನಿರೋಧದ ವಿಷಯದಲ್ಲಿ ಅವರ ಮನಸ್ಸು ಕದಲಲಿಲ್ಲ. 1971ರಲ್ಲಿ ತಮಿಳುನಾಡಿನ ಸರಕಾರವು ಮದ್ಯದ ಅಂಗಡಿಗಳನ್ನು ತೆರೆಯಲು ನಿಶ್ಚಯಿಸಿದಾಗ, ತೊಂಬತ್ತೆರಡು ವರುಷದ ಆ ವೃದ್ಧರು ಮುಖ್ಯಮಂತ್ರಿ ಎಂ. ಕರುಣಾನಿಧಿಯವರ ಮನೆಗೆ ತಾವೇ ಹೋಗಿ, ಬೇಡವೆಂದು ಕೇಳಿಕೊಂಡರು. ಅವರ ಬೇಡಿಕೆ ಸಲ್ಲಲಿಲ್ಲ. ಆಗಸ್ಟ್ 30ರಂದು ಅಂಗಡಿಗಳು ತೆರೆದವು. 1972ನೆಯ ಇಸವಿ ಡಿಸೆಂಬರ್ 25ರಂದು, ನಾವು ಕ್ರಿಸ್ತಜಯಂತಿಯನ್ನು ಆಚರಿಸುವ ದಿನದಲ್ಲಿ, ರಾಜಾಜಿಯವರು ಮದರಾಸಿನಲ್ಲಿ ತೀರಿಕೊಂಡರು.

ನಮ್ಮ ಸೀಮೆಯಲ್ಲಿ ಅವರ ಮೇರೆಯು ಅವರ ಜೀವಮಾನದಲ್ಲಿಯೇ ಅಳಿದುಹೋಗಿತ್ತು. 1967ರಲ್ಲಿ ಮೈಸೂರು ಸರಕಾರವು ಪಾನನಿರೋಧವನ್ನು ತೆಗೆದುಹಾಕಿ, ಅಂಗಡಿಗಳಿಗೆ ಪರವಾನಿಗಿ ಕೊಡುವ ನಿಯಮಗಳನ್ನು ಮಾಡಿತು. ಜಿಲ್ಲೆಯ ಎಲ್ಲೆಯ ಬದಲಾಗಿ ಮೀಟರುಗಳ ಲೆಕ್ಕ ಬಂದದ್ದು ಆಗಲೇ. ಆ ನಿಯಮಗಳಲ್ಲಿ ಐದನೆಯದರ ಪ್ರಕಾರ ಆರಾಧನಾ ಸ್ಥಳ, ಶಾಲೆ, ಆಸ್ಪತ್ರೆ ಇವುಗಳಿಂದ 100 ಮೀಟರಿನೊಳಗೆ ಮದ್ಯದ ಅಂಗಡಿಗೆ ಪರವಾನಿಗಿ ಕೊಡಕೂಡದು. ಪರಿಶಿಷ್ಟ ಜಾತಿ ಪಂಗಡಗಳವರೇ ಹೆಚ್ಚಾಗಿ ವಾಸಿಸುವ ಕೇರಿಯಲ್ಲಿಯೂ ಕೊಡಕೂಡದು. ದೂರವನ್ನು ಹಕ್ಕಿ ಹಾರುವಂತೆ ನೇರವಾಗಿ ಅಳೆಯುವುದಿಲ್ಲ. ನಡೆಯುವವರು ವಾಡಿಕೆಯಾಗಿ ಹೋಗುವ ಹತ್ತಿರದ ದಾರಿಯಲ್ಲಿ, ಬಾಗಿಲಿನಿಂದ ಬಾಗಿಲಿಗೆ ಅಳೆಯುತ್ತಾರೆ. ಕೆಲವು ಬಗೆಯ ಪರವಾನಿಗಿಗಳಿಗೆ ವಿನಾಯಿತಿಗಳೂ ಉಂಟು. 2007ನೆಯ ಇಸವಿ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿಯನ್ನು ಸಂಪೂರ್ಣವಾಗಿ ನಿಲ್ಲಿಸಿದರು. ಬೇರೆ ಮದ್ಯದ ಅಂಗಡಿಗಳು ಉಳಿದವು.

ನೂರು ಮೀಟರು ಎಂದರೆ ಮುದುಕನಿಗೂ ಎರಡು ಮೂರು ನಿಮಿಷದ ನಡಿಗೆ. ರಾಜಾಜಿಯವರ ಮೇರೆಗೆ ಹೋಲಿಸಿದರೆ ಇದು ಅಂಗಳದ ಬೇಲಿಯಷ್ಟೇ. ಆದರೂ ಇರುವ ಬೇಲಿಯನ್ನು ಕಾಯದೆ ಬಿಟ್ಟರೆ ಅದೂ ಇರುವುದಿಲ್ಲ. ಸಭೆಯ ಹಿರಿಯರು ನೆನಪಿಡಬೇಕಾದ ಸಂಗತಿಯೇನಂದರೆ, ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡಿ ಪ್ರಾರ್ಥಿಸುವ ಸಭೆಯು ತನ್ನದು ಸಾರ್ವಜನಿಕ ಆರಾಧನಾ ಸ್ಥಳವೆಂದು ಅಧಿಕಾರಿಗಳಿಗೆ ತೋರಿಸಿಕೊಡುವುದು ಕಷ್ಟ. ದೇವಾಲಯದ ನಿವೇಶನದ ಪತ್ರ, ಟ್ರಸ್ಟಿನ ನೋಂದಣಿ ಇವುಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿರಬೇಕು. ಅಂಗಡಿ ತೆರೆದು ವ್ಯಾಪಾರ ಹತ್ತಿದ ಮೇಲೆ ಎಬ್ಬಿಸುವುದಕ್ಕಿಂತ, ಪರವಾನಿಗಿಗೆ ಅರ್ಜಿ ಬಿದ್ದಿದೆಯೆಂಬ ಸುದ್ದಿ ತಿಳಿದ ಕೂಡಲೆ ದಾರಿಯನ್ನು ಅಳೆದು, ಗುಡಿಯವರನ್ನೂ ಮಸೀದಿಯವರನ್ನೂ ಶಾಲೆಯವರನ್ನೂ ಜೊತೆಗೆ ಕೂಡಿಸಿಕೊಂಡು ಬರವಣಿಗೆಯಲ್ಲಿ ಆಕ್ಷೇಪಿಸುವುದು ಸುಲಭ. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದದ್ದರಿಂದ ಹೊಸಪೇಟೆ ಮತ್ತು ಹಂಪೆಯವರು ಹೊಸಪೇಟೆಯಲ್ಲಿರುವ ಜಿಲ್ಲಾಧಿಕಾರಿಗಳಿಗೂ ಅಬಕಾರಿ ಇಲಾಖೆಯವರಿಗೂ ಬರೆಯಬೇಕು; ಸಂಡೂರು, ಕಂಪ್ಲಿಯವರು ಮೊದಲಿನಂತೆ ಬಳ್ಳಾರಿಗೇ ಬರೆಯಬೇಕು.